ಪಕ್ಕದ ಮನೆಯ ಜಗಲಿಯಲ್ಲಿ ಒಂದು ರಾತ್ರಿ

ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲು ಸಮೀಪ, 2025 ಫೆಬ್ರವರಿ 9, ಭಾನುವಾರ

ನಿನ್ನೆ ರಾತ್ರಿ ಹತ್ತೂವರೆಯಿಂದ ಇಂದು ಬೆಳಗಿನ ಜಾವ ಮೂರು ಗಂಟೆಯವರೆಗೆ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತು, ನನ್ನ ಮನೆಯ ನಾಯಿಗಳು ಬೊಗಳುವುದನ್ನು ಕೇಳಿಸಿಕೊಂಡೆ. ಏಕಾದಶಿಯ ಬೆಳದಿಂಗಳಿತ್ತು. ಮನೆಯವರು ಕುರ್ಚಿ, ಹೊದಿಕೆ, ಒಂದು ಫ್ಲಾಸ್ಕಿನಲ್ಲಿ ಕಾಫಿ ಇಟ್ಟು, ಕದ ಮುಂದೆ ಮಾಡಿ ಮಲಗಿದ್ದರು. ಹದಿಮೂರು ವರ್ಷಗಳಿಂದ ನಾಯಿ ಸಾಕುತ್ತಿದ್ದರೂ ಅವುಗಳ ಸದ್ದು ಬೇಲಿಯಾಚೆ ಹೇಗೆ ಕೇಳಿಸುತ್ತದೆ ಎಂಬುದು ನನಗೆ ಇದುವರೆಗೆ ಗೊತ್ತಿರಲಿಲ್ಲ.

ಪಂಚಾಯತಿನಿಂದ ನನಗೆ ನೋಟೀಸು ಬಂದದ್ದು ಜನವರಿ 20ರಂದು. ನೋಟೀಸು ಮಲಯಾಳದಲ್ಲಿತ್ತು, ಅದಕ್ಕೆ ಲಗತ್ತಿಸಿದ್ದ ಅರ್ಜಿಯ ಪ್ರತಿ ಕನ್ನಡದಲ್ಲಿತ್ತು. ಅರ್ಜಿಯ ಕೆಳಗೆ ಪಕ್ಕದ ಮನೆಯ ಯಜಮಾನರ ಸಹಿ. ಅವರು ಬಸ್ಸಿನ ಚಾಲಕರು, ಬೆಳಿಗ್ಗೆ ಐದೂವರೆಯ ಮೊದಲ ಬಸ್ಸು ಅವರದ್ದು. ಅಕ್ಷರ ಮಾತ್ರ ಅವರ ಮಗಳದ್ದು. ಒಂದನೆಯ ತರಗತಿಯಲ್ಲಿ ಆ ಹುಡುಗಿಯ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನಾದ್ದರಿಂದ, ಅವಳು 'ಳ' ಬರೆಯುವ ರೀತಿ ನನಗೆ ದೂರದಿಂದಲೇ ಗುರುತು ಸಿಗುತ್ತದೆ. 'ರಾತ್ರಿ ಹತ್ತು ಗಂಟೆಯಿಂದ ಬೆಳಗಿನ ತನಕ ನಾಯಿಗಳು ಬೊಗಳುವುದರಿಂದ ತಂದೆಯವರಿಗೆ ನಿದ್ದೆಯಿಲ್ಲ, ಮಾರ್ಚಿನಲ್ಲಿ ನನಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಇದೆ' ಎಂದು ತಂದೆಯ ಅರ್ಜಿಯಲ್ಲಿ ತನ್ನ ಮಾತನ್ನೂ ಸೇರಿಸಿ ಬರೆದಿದ್ದಳು. ಮೊದಲ ದಿನ ನನಗೆ ಬಂದದ್ದು ಸಿಟ್ಟು. ಗೋಡೆಯಾಚೆಯಿಂದ ಒಂದು ಮಾತು ಕರೆದು ಹೇಳಬಹುದಿತ್ತು, ಇಷ್ಟು ವರ್ಷಗಳ ನೆರೆಹೊರೆಯಲ್ಲಿ ಪಂಚಾಯತಿಗೆ ಹೋಗುವ ಅಗತ್ಯವೇನಿತ್ತು ಎಂದು ಅಂದುಕೊಂಡೆ.

ಆ ಸಿಟ್ಟು ಇಳಿದದ್ದು ಎರಡು ದಿನಗಳ ಬಳಿಕ, ಸಾಮಾನು ತರಲು ಅಂಗಡಿಗೆ ಹೋದಾಗ. ನನ್ನ ನಾಯಿಗಳ ಸುದ್ದಿ ಅಲ್ಲಿಗೆ ಆಗಲೇ ತಲುಪಿತ್ತು. ನಾನು ಹೊರಗಿರುವುದು ಗೊತ್ತಿಲ್ಲದೆ ಒಬ್ಬರು, "ಅರ್ಜಿ ಯಾಕೆ ಮಾರಾಯ್ರೆ, ಒಂದು ಉಂಡೆ ಹಾಕಿದರೆ ಮುಗೀತು" ಎಂದರು. ಆ ಮಾತು ಇಂದಿಗೂ ನನ್ನ ಎದೆಯಲ್ಲಿ ಕೂತಿದೆ. ವಿಷವಿಟ್ಟು ಪ್ರಾಣಿಯನ್ನು ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ವಿಧಿಯಂತೆ ಐದು ವರ್ಷಗಳ ತನಕ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ. ಆದರೆ ಕಾನೂನು ಬರುವುದು ನಾಯಿ ಸತ್ತ ಮೇಲೆ. ರಾತ್ರಿ ಯಾರಿಗೂ ಕಾಣದಂತೆ ಎಸೆದ ಉಂಡೆಗೆ ಸಾಕ್ಷಿ ಎಲ್ಲಿಂದ ತರುವುದು? ಪಕ್ಕದ ಮನೆಯವರಿಗೆ ಆ ದಾರಿಯೂ ತೆರೆದೇ ಇತ್ತು. ಅವರು ಅದನ್ನು ಹಿಡಿಯಲಿಲ್ಲ. ತಿಂಗಳುಗಟ್ಟಲೆ ನಿದ್ದೆಗೆಟ್ಟ ಮನುಷ್ಯ ಮಗಳ ಕೈಯಲ್ಲಿ ಅರ್ಜಿ ಬರೆಸಿ, ಹೆಸರು ಹಾಕಿ, ಸಹಿ ಮಾಡಿ ಕೊಟ್ಟಿದ್ದಾರೆ ಎಂದರೆ ನನ್ನ ಜೊತೆ ಇನ್ನೂ ನೆರೆಯವರಾಗಿಯೇ ಬಾಳುವ ಮನಸ್ಸು ಅವರಿಗಿದೆ ಎಂದರ್ಥ. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ನನಗೆ ಇಷ್ಟು ಸ್ಪಷ್ಟವಾಯಿತು.

ಅಂದು ಸಂಜೆಯೇ ಅವರ ಮನೆಗೆ ಹೋದೆ. "ನಿಮ್ಮಲ್ಲಿ ನೇರ ಹೇಳಲಿಕ್ಕೆ ಬಾಯಿ ಬರಲಿಲ್ಲ ಟೀಚರೇ. ನಾಲ್ಕು ಸಲ ಗೇಟಿನ ತನಕ ಬಂದು ವಾಪಸು ಹೋಗಿದ್ದೇನೆ" ಎಂದರು. ಮಗಳಿಗೆ ಕಲಿಸಿದ ಟೀಚರಿಗೆ ದೂರು ಹೇಳುವುದು ಹೇಗೆ ಎಂಬ ಸಂಕೋಚವೇ ಅವರನ್ನು ಪಂಚಾಯತಿನವರೆಗೆ ಕಳಿಸಿತ್ತು. ಆ ಹುಡುಗಿ ಒಳಗಿನ ಕೋಣೆಯಿಂದ ಹೊರಗೆ ಬರಲೇ ಇಲ್ಲ.

ನನ್ನ ಮನೆಯಲ್ಲಿರುವುದು ಎರಡು ನಾಯಿಗಳು. ಕರಿಯನಿಗೆ ನಾಲ್ಕು ವರ್ಷ. ಬೊಳ್ಳನಿಗೆ ಹದಿಮೂರಾಗುತ್ತಾ ಬಂತು. ಎರಡೂ ಊರ ನಾಯಿಗಳೇ. ನಮ್ಮ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ ರಾತ್ರಿ ನಾಯಿಯನ್ನು ಬಿಡುವುದು ಹಿಂದಿನಿಂದ ಬಂದ ರೂಢಿ. ಹಂದಿ, ಮುಳ್ಳುಹಂದಿ ತೋಟಕ್ಕೆ ನುಗ್ಗಿದರೆ ತಿಳಿಸುವುದು ಅದರ ಕೆಲಸ. ಕಳೆದ ಅಕ್ಟೋಬರಿನಲ್ಲಿ ಕರಿಯನು ಬೈಕಿನ ಹಿಂದೆ ಓಡಿ ಒಬ್ಬ ಹುಡುಗ ಬಿದ್ದು ಮೊಣಕಾಲು ತರಚಿಕೊಂಡ. ಅಂದಿನಿಂದ ನಾನು ಅವನನ್ನು ರಾತ್ರಿ ಗೇಟಿನ ಪಕ್ಕದ ಮೂಲೆಯಲ್ಲಿ ಸಂಕೋಲೆ ಹಾಕಿ ಕಟ್ಟತೊಡಗಿದೆ. ಪಕ್ಕದ ಮನೆಯವರ ನಿದ್ದೆ ಕೆಟ್ಟದ್ದೂ ಸರಿಯಾಗಿ ಅಕ್ಟೋಬರಿನಿಂದಲೇ. ಒಂದನ್ನೊಂದು ತಾಳೆ ಹಾಕಿ ನೋಡಲು ನನಗೆ ನೋಟೀಸೇ ಬರಬೇಕಾಯಿತು.

ನೋಟೀಸು ಬಂದ ಮರುದಿನದಿಂದ ಹದಿನೈದು ರಾತ್ರಿ ಒಂದು ಪುಸ್ತಕದಲ್ಲಿ ಬರೆದಿಟ್ಟೆ: ಯಾವ ನಾಯಿ, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಎದ್ದು ನೋಡಿದಾಗ ಕಂಡದ್ದೇನು. ಬೊಗಳುವ ನಾಯಿ ಸುಮ್ಮನೆ ಬೊಗಳುತ್ತದೆ ಎಂಬ ಮಾತು ಆ ಪುಸ್ತಕದ ಮುಂದೆ ನಿಲ್ಲಲಿಲ್ಲ. ಹನ್ನೊಂದರ ಸುಮಾರಿಗೆ ರಸ್ತೆಯಲ್ಲಿ ಕೆಲಸ ಮುಗಿಸಿ ಬರುವವರ ಬೈಕುಗಳು. ಆಗ ಕರಿಯನದ್ದು ಚುಟುಕಾದ, ಒರಟಾದ ಬೊಗಳು. ಒಂದು ಗಂಟೆಯ ಹೊತ್ತಿಗೆ ಗುಡ್ಡದ ಗೇರುಮರಗಳಿಗೆ ಬಾವಲಿಗಳು ಬರುತ್ತವೆ, ಕೆಳಗೆ ಬಿದ್ದ ಹಣ್ಣಿಗೆ ಮುಳ್ಳುಹಂದಿಯೋ ಇನ್ನೊಂದೋ ಬರುತ್ತದೆ. ಆಗಿನದ್ದು ಬಿಡುವಿಲ್ಲದ, ಏರುದನಿಯ ಬೊಗಳು. ನಾಲ್ಕು ಗಂಟೆಯದ್ದೇ ನನಗೆ ಬಹಳ ದಿನ ಬಿಡಿಸಲಾಗದ ಒಗಟಾಗಿತ್ತು. ಒಂದು ದಿನ ಟೆರೇಸಿನ ಮೇಲೆ ನಿಂತು ನೋಡಿದರೆ, ಎದುರಿನ ರಬ್ಬರು ತೋಟದಲ್ಲಿ ತಲೆಗೆ ಟಾರ್ಚು ಕಟ್ಟಿಕೊಂಡು ರಬ್ಬರು ಹಾಲು ಇಳಿಸುವ ಟ್ಯಾಪಿಂಗ್ ಕೆಲಸದವರು ಮರದಿಂದ ಮರಕ್ಕೆ ಹೋಗುತ್ತಿದ್ದರು. ಮೈ ಕಾಣದೆ ಬೆಳಕು ಮಾತ್ರ ಅಲೆಯುವುದನ್ನು ಕಂಡರೆ ಯಾವ ನಾಯಿ ಸುಮ್ಮನಿದ್ದೀತು? ಜನವರಿಯ ಕೊನೆಗೆ ರಬ್ಬರಿನ ಎಲೆ ಉದುರಿ ಟ್ಯಾಪಿಂಗ್ ನಿಂತಿತು. ನಾಲ್ಕು ಗಂಟೆಯ ಬೊಗಳೂ ಅದರೊಂದಿಗೆ ನಿಂತಿತು.

ಬೊಗಳಿನಲ್ಲಿ ಇಷ್ಟು ವ್ಯತ್ಯಾಸ ನನಗೆ ಕೇಳಿಸಿದ್ದು ಕಿವಿಯ ಭ್ರಮೆಯಲ್ಲ. ಹಂಗೇರಿಯ ಬುಡಾಪೆಸ್ಟಿನ ಸಂಶೋಧಕರು ಬೇರೆ ಬೇರೆ ಸಂದರ್ಭಗಳಲ್ಲಿ ನಾಯಿಗಳ ಬೊಗಳನ್ನು ಧ್ವನಿಮುದ್ರಿಸಿ ಜನರಿಗೆ ಕೇಳಿಸಿದಾಗ, ನಾಯಿ ಸಾಕದವರೂ ಅಪರಿಚಿತರನ್ನು ಕಂಡ ಬೊಗಳು ಯಾವುದು, ಒಂಟಿಯಾಗಿ ಕಟ್ಟಿಹಾಕಿದ ನಾಯಿಯ ಬೊಗಳು ಯಾವುದು ಎಂಬುದನ್ನು ಸಾಕಷ್ಟು ಸರಿಯಾಗಿ ಹೇಳಿದ್ದರು. ಆ ಅಧ್ಯಯನ 2005ರಲ್ಲಿ ಪ್ರಕಟವಾಗಿದೆ. ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರೆದದ್ದು ಆ ಎರಡನೆಯದ್ದೇ. ಒಂದೇ ಸಮನೆ, ನಡುನಡುವೆ ಬಿಡುವು ಕೊಟ್ಟು, ಯಾರನ್ನೋ ಕರೆಯುವಂಥ ಬೊಗಳು. ತೋಟವೆಲ್ಲ ಸುತ್ತುತ್ತಿದ್ದವನನ್ನು ನಾಲ್ಕಡಿ ಸಂಕೋಲೆಗೆ ಕಟ್ಟಿ, ಅವನಿಗೆ ಎಲ್ಲವೂ ಕಾಣುವಲ್ಲಿ, ಯಾವುದನ್ನೂ ಹೋಗಿ ಮೂಸಿ ನೋಡಲಾಗದಂತೆ ಇರಿಸಿದವಳು ನಾನು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ವಿಧಿಯನ್ನು ಓದಿದಾಗ ನನ್ನ ಕೈ ತಣ್ಣಗಾಯಿತು. ಅತಿ ಗಿಡ್ಡ ಸಂಕೋಲೆಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದೂ, ಸದಾ ಕಟ್ಟಿಯೇ ಇಡುವ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದೂ ಅಲ್ಲಿ ಕ್ರೌರ್ಯವೆಂದೇ ಹೇಳಿದೆ. ಪಕ್ಕದ ಮನೆಯವರು ತಮ್ಮ ನಿದ್ದೆಗಾಗಿ ಬರೆದ ಅರ್ಜಿ ಕರಿಯನ ಪರವಾದ ಅರ್ಜಿಯೂ ಆಗಿತ್ತು.

ಬೊಳ್ಳನ ವಿಷಯವೇ ಬೇರೆ. ಅವನು ಎರಡು ಗಂಟೆಗೆ ಎದ್ದು ಅಂಗಳದ ನಡುವೆ ನಿಂತು, ಗೋಡೆಯತ್ತ ಮುಖ ಮಾಡಿ ಬೊಗಳುತ್ತಾನೆ. ಅಲ್ಲಿ ಏನೂ ಇರುವುದಿಲ್ಲ. ಮೃಗಾಸ್ಪತ್ರೆಯ ಡಾಕ್ಟರು ಪರೀಕ್ಷಿಸಿ, ಕಿವಿ ಮಂದವಾಗಿದೆ, ಕಣ್ಣಿಗೆ ಪೊರೆ ಬರುತ್ತಿದೆ, ಮುಪ್ಪಿನಲ್ಲಿ ಮನುಷ್ಯರಿಗೆ ಮರೆವು ಬರುವ ಹಾಗೆ ನಾಯಿಗೂ ಬರುತ್ತದೆ, ಎಚ್ಚರವಾದಾಗ ಎಲ್ಲಿದ್ದೇನೆಂದು ತಿಳಿಯದೆ ಕೂಗುತ್ತದೆ ಎಂದರು. ಆ ಮಾತು ಕೇಳಿದ ಮೇಲೆ ಅವನು ಒಳಗೆ ನನ್ನ ಮಂಚದ ಬಳಿಯೇ ಮಲಗುತ್ತಾನೆ. ಒಂದು ಸಣ್ಣ ದೀಪ ಉರಿಯುತ್ತಿರುತ್ತದೆ. ಎಚ್ಚರವಾದರೆ ಬೆನ್ನ ಮೇಲೆ ಕೈ ಇಡುತ್ತೇನೆ, ಮತ್ತೆ ಮಲಗುತ್ತಾನೆ. ಅವನಿಂದ ಪಕ್ಕದ ಮನೆಗೆ ಇನ್ನು ತೊಂದರೆಯಿಲ್ಲ. ನಿನ್ನೆ ಮಾತ್ರ ನಾನು ಕೇಳಬೇಕಾಗಿದ್ದುದರಿಂದ ಇಬ್ಬರನ್ನೂ ಹಿಂದಿನಂತೆಯೇ ಹೊರಗೆ ಬಿಟ್ಟಿದ್ದೆ.

ಜಗಲಿಯಲ್ಲಿ ಕುಳಿತಾಗ ತಿಳಿದದ್ದು ಇನ್ನೊಂದು ವಿಷಯ. ಅವರ ಮನೆ ನಮ್ಮ ಮನೆಗಿಂತ ತಗ್ಗಿನಲ್ಲಿದೆ. ಕರಿಯನನ್ನು ಕಟ್ಟುತ್ತಿದ್ದ ಮೂಲೆಯಲ್ಲಿ ಎರಡು ಕಡೆ ಕೆಂಪುಕಲ್ಲಿನ ಗೋಡೆ, ಮೇಲೆ ತಗಡಿನ ಶೀಟು. ಆ ಮೂರೂ ಸೇರಿ ಸದ್ದನ್ನು ಒಟ್ಟುಗೂಡಿಸಿ ನೇರವಾಗಿ ಅವರ ಕಿಟಕಿಯತ್ತ ತಳ್ಳುತ್ತವೆ. ನನ್ನ ಕೋಣೆಯಲ್ಲಿ ದೂರದ ನಾಯಿಯಂತೆ ಕೇಳಿಸುವ ಬೊಗಳು ಅಲ್ಲಿ ತಲೆದಿಂಬಿನ ಪಕ್ಕದಲ್ಲೇ ಬೊಗಳಿದಂತೆ ಕೇಳಿಸಿತು. ಮೊಬೈಲಿನಲ್ಲಿ ಸದ್ದನ್ನು ಅಳೆದಾಗ ಅರವತ್ತು ಡೆಸಿಬೆಲ್‌ಗಿಂತ ಮೇಲೆ ತೋರಿಸಿತು. ಮೊಬೈಲಿನ ಅಳತೆಯನ್ನು ಪೂರ್ತಿ ನಂಬಲಾಗದು. ಆದರೂ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇಟ್ಟಿರುವ ಮಿತಿ 45 ಡೆಸಿಬೆಲ್ ಎಂದು ನೆನೆದಾಗ ತಲೆ ತಗ್ಗಿತು. ಆ ಮಿತಿ ವಾತಾವರಣದ ಒಟ್ಟು ಸದ್ದಿನದ್ದು, ಒಂದೊಂದು ಬೊಗಳಿಗೆ ಹಚ್ಚಿ ನೋಡುವಂಥದ್ದಲ್ಲ ಎಂದು ವಾದಿಸಬಹುದು. ಒಂದೂಕಾಲು ಗಂಟೆಗೆ ಒಳಗಿನಿಂದ ಆ ಮನುಷ್ಯ ಮಗ್ಗುಲು ಬದಲಿಸಿ ನಿಟ್ಟುಸಿರು ಬಿಟ್ಟದ್ದು ಕೇಳಿಸಿದಾಗ ಆ ವಾದ ನನ್ನ ಬಾಯಿಗೆ ಬರಲಿಲ್ಲ.

ಸಲಹೆ ಕೊಟ್ಟವರು ಹಲವರು. ಬಾಯಿಗೆ ಕುಕ್ಕೆ ಕಟ್ಟಿ ಎಂದರು ಕೆಲವರು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈಯ ಕಾವು ಇಳಿಸಿಕೊಳ್ಳಬೇಕು. ನಮ್ಮ ಊರಿನ ಈ ಸೆಕೆಯಲ್ಲಿ ಬಿಗಿಯಾಗಿ ಬಾಯಿ ಕಟ್ಟಿ ರಾತ್ರಿಯೆಲ್ಲ ಬಿಡುವುದು ಜೀವಕ್ಕೇ ಅಪಾಯ. ಗದರಿಸಿ ಎಂದವರೂ ಇದ್ದರು. ಅದನ್ನು ನಾನು ನಾಲ್ಕು ತಿಂಗಳು ಮಾಡಿದ್ದೇನೆ. ಕಿಟಕಿಯಿಂದ "ಸುಮ್ಮನಿರು ಕರಿಯಾ" ಎಂದು ಕೂಗಿದಷ್ಟೂ ಅವನ ಹುರುಪು ಹೆಚ್ಚುತ್ತಿತ್ತು. ನಾನೂ ಅವನೊಂದಿಗೆ ಸೇರಿ ಬೊಗಳುತ್ತಿದ್ದೇನೆಂದೇ ಅವನು ತಿಳಿದಿರಬೇಕು, ಇಲ್ಲವೇ ಬೊಗಳಿದರೆ ಒಡತಿ ಕಾಣಿಸುತ್ತಾಳೆ ಎಂದಾದರೂ ಕಲಿತಿರಬೇಕು.

ಇಂದು ಬೆಳಿಗ್ಗೆ ಎರಡು ಮನೆಯವರೂ ಸೇರಿ ಕೆಲಸ ಮಾಡಿದೆವು. ದನಗಳಿಲ್ಲದೆ ಖಾಲಿ ಬಿದ್ದಿದ್ದ ಮೂಡು ದಿಕ್ಕಿನ ಹಟ್ಟಿಯನ್ನು ಗುಡಿಸಿ, ರಸ್ತೆಯ ಕಡೆಗೆ ಅಡಿಕೆ ಸಲಾಕೆಯ ತಟ್ಟಿ ಕಟ್ಟಿ, ಒಳಗಿನ ಗೋಡೆಗೆ ಗೋಣಿ ಇಳಿಬಿಟ್ಟು, ನೆಲಕ್ಕೆ ಒಣ ಸೊಪ್ಪು ಹಾಸಿದೆವು. ಕರಿಯನು ಇನ್ನು ಅಲ್ಲಿ ಸಂಕೋಲೆಯಿಲ್ಲದೆ, ಬಾಗಿಲು ಹಾಕಿಕೊಂಡು ಮಲಗಬೇಕು. ಸಂಜೆ ಒಂದು ಗಂಟೆ ಅವನನ್ನು ಹಗ್ಗದಲ್ಲಿ ಹಿಡಿದು ಗುಡ್ಡ ಸುತ್ತಿಸುವುದು, ಊಟವನ್ನು ಆ ಸುತ್ತಾಟದ ಬಳಿಕವೇ ಕೊಡುವುದು ಎಂದು ನಿಶ್ಚಯಿಸಿದ್ದೇನೆ. ತಟ್ಟಿ ಕಟ್ಟಿದವರು ಚಾಲಕರೇ. ವಾರಕ್ಕೊಂದು ರಜೆ, ಅದನ್ನೂ ನನ್ನ ಹಟ್ಟಿಯಲ್ಲಿ ಕಳೆದರು. ಹಂದಿ ಬಂದರೆ ತೋಟಕ್ಕೆ ಯಾರು ಎಂದು ಅವರೇ ಕೇಳಿದರು. ಒಂದೆರಡು ಅಡಿಕೆ ಸಸಿ ಹೋದರೆ ಹೋಗಲಿ ಎಂದೆ.

ಪಂಚಾಯತಿಗೆ ಉತ್ತರವನ್ನು ಕನ್ನಡದಲ್ಲಿಯೇ ಬರೆದಿದ್ದೇನೆ. 1998ರ ಕೇರಳದ ನಿಯಮಗಳಂತೆ ಸಾಕುನಾಯಿಗೆ ಪಂಚಾಯತಿನ ಲೈಸೆನ್ಸು ಬೇಕು, ಅದಕ್ಕೆ ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಪ್ರಮಾಣಪತ್ರ ಬೇಕು. ಚುಚ್ಚುಮದ್ದು ಇಬ್ಬರಿಗೂ ತಪ್ಪದೆ ಹಾಕಿಸಿದ್ದೆ, ಲೈಸೆನ್ಸನ್ನು ಮಾತ್ರ ಎರಡು ವರ್ಷಗಳಿಂದ ನವೀಕರಿಸಿರಲಿಲ್ಲ. ಅದು ನನ್ನ ತಪ್ಪೆಂದು ಒಪ್ಪಿ, ಪ್ರಮಾಣಪತ್ರಗಳ ಪ್ರತಿಯನ್ನೂ ಹೊಸ ಅರ್ಜಿಯನ್ನೂ ಸೇರಿಸಿ ನಾಳೆ ಕೊಡುತ್ತೇನೆ. ದೂರು ನಿಜವೆಂದೂ ಅದರಲ್ಲಿ ಬರೆದಿದ್ದೇನೆ.

ಮಧ್ಯಾಹ್ನ ಹುಡುಗಿ ನಮ್ಮ ಮನೆಗೆ ಬಂದಳು. ಅರ್ಜಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹಟ್ಟಿಯ ಬಾಗಿಲಲ್ಲಿ ಕುಳಿತು ಕರಿಯನ ಕಿವಿ ತುರಿಸುತ್ತಾ, "ಟೀಚರ್, ನಾನು ಹನ್ನೆರಡರ ತನಕ ಓದ್ತೇನೆ. ಇವನು ಬೊಗಳಿದ್ರೆ ಗಂಟೆ ಬರೆದಿಡ್ತೇನೆ" ಎಂದಳು. ಹನ್ನೆರಡರ ಬಳಿಕ ಬರೆಯುವವಳು ನಾನು. ಬರುವ ಭಾನುವಾರ ಎರಡು ಪುಸ್ತಕಗಳನ್ನೂ ಅವರ ಜಗಲಿಯಲ್ಲಿ ಪಕ್ಕಪಕ್ಕ ಇಟ್ಟು ನೋಡುವುದೆಂದು ಮಾತಾಗಿದೆ. ಈಗ ರಾತ್ರಿ ಹತ್ತೂ ಮುಕ್ಕಾಲು. ಬೈಕೊಂದು ಹೋಯಿತು, ಕರಿಯನು ಎರಡು ಸಲ ಬೊಗಳಿ ನಿಲ್ಲಿಸಿದ. ಆಚೆ ಅವಳ ಕೋಣೆಯ ದೀಪ ಉರಿಯುತ್ತಿದೆ, ಬಹುಶಃ ಅವಳೂ ಬರೆದುಕೊಂಡಿರಬೇಕು.