ಮಾಸ್ಟರ್ ವಾಲ್ಯೂಮಾ, ಅಟೆನ್ಯುಯೇಟರಾ: 50 ವ್ಯಾಟ್ ಆಂಪಿನ ಜೊತೆ ಒಂದು ತಿಂಗಳು

ದಿನ 1

ಗಿಟಾರ್ ಆಂಪ್ (ಆಂಪ್ಲಿಫೈಯರ್) ಕಟ್ಟಿ ಆರು ತಿಂಗಳಾಯಿತು. ಮಾರ್ಷಲ್ ಕಂಪನಿಯ 2204 ಆಂಪಿನ ಸರ್ಕ್ಯೂಟ್ ನೋಡಿಕೊಂಡು ಕಟ್ಟಿದ್ದು. ಗೇನ್ (ಸಿಗ್ನಲ್ಲನ್ನು ಹಿಗ್ಗಿಸುವ ಬಲ) ಸಾಲದು ಅನ್ನಿಸಿ ಪ್ರೀಆಂಪಿಗೆ, ಅಂದರೆ ಆಂಪಿನ ಮೊದಲ ಭಾಗಕ್ಕೆ, ಒಂದು ಸ್ಟೇಜ್ ಜಾಸ್ತಿ ಸೇರಿಸಿದ್ದೇನೆ. ಎರಡು ಇಎಲ್34 ಪವರ್ ಟ್ಯೂಬ್, 50 ವ್ಯಾಟ್, ಎರಡು 12 ಇಂಚಿನ ಸ್ಪೀಕರ್ ಇರುವ 8 ಓಮಿನ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ).

ಈ ಆರು ತಿಂಗಳಲ್ಲಿ ಮಾಸ್ಟರ್ ನಾಬ್ 1ರ ಗೆರೆ ದಾಟಿಲ್ಲ. ಸೊನ್ನೆಯಲ್ಲಿ ಸದ್ದೇ ಇಲ್ಲ. ಕೂದಲೆಳೆಯಷ್ಟು ತಿರುಗಿಸಿದರೆ ಕಿಟಕಿ ಗಾಜು ಗಡಗಡ. ನಡುವೆ ಏನೂ ಇಲ್ಲ. ಹೇಗೋ ಸಣ್ಣ ಸದ್ದಿಗೆ ನಿಲ್ಲಿಸಿದರೆ ಡಬ್ಬಿಯೊಳಗೆ ಸಿಕ್ಕ ಜೀರುಂಡೆಯ ಹಾಗೆ ಕೇಳಿಸುತ್ತದೆ. ಹಾಗಾಗಿ ತೀರ್ಮಾನ ಮಾಡಿದ್ದೇನೆ: ಮಾಸ್ಟರ್ ವಾಲ್ಯೂಮ್ ಅನ್ನೋದೇ ದಂಡ, ಅಟೆನ್ಯುಯೇಟರ್ ಕಟ್ಟಬೇಕು. (ಈ ಸಾಲನ್ನು ಅಳಿಸದೆ ಹಾಗೇ ಬಿಟ್ಟಿದ್ದೇನೆ. ಯಾಕೆ ಅಂತ 23ನೇ ದಿನದಲ್ಲಿ ಗೊತ್ತಾಗುತ್ತದೆ.)

ಹೊಸಬರಿಗೆ ಎರಡು ಮಾತು. ಮಾಸ್ಟರ್ ಇರುವುದು ಪ್ರೀಆಂಪ್ ಮುಗಿದ ಮೇಲೆ, ಫೇಸ್ ಇನ್ವರ್ಟರಿಗೆ (ಎರಡು ಪವರ್ ಟ್ಯೂಬಿಗೆ ಸಿಗ್ನಲ್ ಹಂಚುವ ಭಾಗ) ಮುಂಚೆ. ಪ್ರೀಆಂಪಿನ ಪುಟ್ಟ ಟ್ಯೂಬುಗಳು ಎಷ್ಟು ಬೇಕಾದರೂ ಒಡೆದ ಸದ್ದು (ಡಿಸ್ಟಾರ್ಷನ್) ಕೊಡಲಿ, ಪವರ್ ಟ್ಯೂಬಿಗೆ ಹೋಗುವುದನ್ನು ಅದು ಕಡಿಮೆ ಮಾಡುತ್ತದೆ. ಅಟೆನ್ಯುಯೇಟರ್ ಇರುವುದು ಕೊನೆಯಲ್ಲಿ, ಆಂಪಿಗೂ ಸ್ಪೀಕರಿಗೂ ನಡುವೆ. ಆಂಪ್ ಪೂರ್ತಿ ಬೆವರು ಸುರಿಸಿ ದುಡಿಯುತ್ತದೆ, ಹುಟ್ಟಿದ ಶಕ್ತಿಯಲ್ಲಿ ಹೆಚ್ಚಿನ ಭಾಗ ಬಿಸಿಯಾಗಿ ಹೋಗುತ್ತದೆ, ಮಿಕ್ಕಿದ್ದು ಸ್ಪೀಕರಿಗೆ.

ಹಳೆಯ ಮಾರ್ಷಲ್ 1959 ಸೂಪರ್ ಲೀಡಿನಂಥ 100 ವ್ಯಾಟ್ ಹೆಡ್ಡುಗಳಲ್ಲಿ (ಒಳಗೆ ಸ್ಪೀಕರ್ ಇಲ್ಲದ ಆಂಪುಗಳು) ಮಾಸ್ಟರ್ ಇರಲೇ ಇಲ್ಲ. ಒಡೆದ ಸದ್ದು ಬೇಕಾದರೆ ಇಡೀ ಆಂಪನ್ನೇ ಏರಿಸಬೇಕಿತ್ತು. 1975ರಲ್ಲಿ ಮಾರ್ಷಲಿನದೇ 2203 ಆಂಪ್ ಮಾಸ್ಟರ್ ನಾಬ್ ಹೊತ್ತು ಬಂತು. ಆದರೂ 1980ರ ಸುಮಾರಿಗೆ ಬೋಸ್ಟನ್ ಬ್ಯಾಂಡಿನ ಟಾಮ್ ಶೋಲ್ಜ್ ಪವರ್ ಸೋಕ್ ಅನ್ನುವ ಅಟೆನ್ಯುಯೇಟರನ್ನು ಮಾರುಕಟ್ಟೆಗೆ ತಂದರು. ಅಂದರೆ ಮಾಸ್ಟರ್ ಬಂದ ಮೇಲೂ ಜಗಳ ಮುಗಿಯಲಿಲ್ಲ.

ದಿನ 4

ಇವತ್ತು ಬರೀ ಲೆಕ್ಕ. ಕಟ್ಟುವುದು ಎಲ್-ಪ್ಯಾಡ್: ಒಂದು ರೆಸಿಸ್ಟರ್ ಸೀರೀಸಿನಲ್ಲಿ, ಇನ್ನೊಂದು ಸ್ಪೀಕರಿಗೆ ಅಡ್ಡಲಾಗಿ. ಎರಡೂ ಸ್ಪೀಕರ್ ಜೊತೆ ಸೇರಿ ಆಂಪಿಗೆ 8 ಓಮ್ ಕಾಣಿಸಬೇಕು.

6 ಡೆಸಿಬೆಲ್ ಇಳಿಸಲು ಸೀರೀಸಿನಲ್ಲಿ 4 ಓಮ್, ಅಡ್ಡಕ್ಕೆ 8 ಓಮ್. ಚೊಕ್ಕ ಸಂಖ್ಯೆ. ಆಂಪ್ 50 ವ್ಯಾಟ್ ಕೊಟ್ಟರೆ ಸೀರೀಸ್ ರೆಸಿಸ್ಟರ್ 25 ತಿನ್ನುತ್ತದೆ, ಅಡ್ಡದ್ದು 12.5, ಸ್ಪೀಕರಿಗೆ ಉಳಿಯುವುದು 12.5. 12 ಡೆಸಿಬೆಲ್ಲಿಗೆ ಸೀರೀಸಿನಲ್ಲಿ 6 ಓಮ್ ಬೇಕು, ಎರಡು 12 ಓಮ್ ಪ್ಯಾರಲಲ್ ಹಾಕಿದರೆ ಸಿಗುತ್ತದೆ. ಅಡ್ಡಕ್ಕೆ 2.7 ಓಮ್. ಸ್ಪೀಕರಿಗೆ ಸುಮಾರು 3 ವ್ಯಾಟ್. ಒಂದು ಸ್ವಿಚ್ಚಿನಲ್ಲಿ ಎರಡು ಹಂತ, ಇನ್ನೊಂದು ನೇರ ದಾರಿ. ಅಷ್ಟು ಸಾಕು.

ರೆಸಿಸ್ಟರ್ ಆರಿಸುವಾಗ 50 ವ್ಯಾಟಿಗೆ ಲೆಕ್ಕ ಹಾಕಿ ನಿಲ್ಲಿಸಬಾರದು. ಆಂಪ್ ಪೂರ್ತಿ ಕ್ಲಿಪ್ ಆದಾಗ, ಅಂದರೆ ಅಲೆಯ ತುದಿ ಕತ್ತರಿಸಿದಂತಾದಾಗ, ಅಲೆ ಚೌಕಾಕಾರಕ್ಕೆ ತಿರುಗುತ್ತದೆ. ಅದೇ ಎತ್ತರದ ಸೈನ್ ಅಲೆಗಿಂತ ಚೌಕ ಅಲೆಯಲ್ಲಿ ಶಕ್ತಿ ಎರಡರಷ್ಟು. ಹಾಗಾಗಿ ಸೀರೀಸಿನವೆಲ್ಲ 100 ವ್ಯಾಟಿನ ಅಲ್ಯೂಮಿನಿಯಂ ಕವಚದ ರೆಸಿಸ್ಟರುಗಳು.

ದಿನ 11

ಪೆಟ್ಟಿಗೆ ರೆಡಿ. ಮೊದಲು ಮಲ್ಟಿಮೀಟರ್ ಇಟ್ಟು ಎರಡೂ ಹಂತದಲ್ಲಿ 8 ಓಮಿಗೆ ಹತ್ತಿರ ಇದೆ ಅಂತ ನೋಡಿಕೊಂಡೆ. ಬೆಸುಗೆ ಒಂದು ಕಡೆ ಬಿಟ್ಟರೂ ಆಂಪಿಗೆ ಲೋಡ್ ಇಲ್ಲದ ಹಾಗೆ. ಟ್ಯೂಬ್ ಆಂಪನ್ನು ಲೋಡ್ ಇಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ ಒಳಗೇ ಕಿಡಿ ಹಾರಬಹುದು. ಟ್ರಾನ್ಸ್‌ಫಾರ್ಮರ್ ಹೋದರೆ ಅರ್ಧ ಆಂಪ್ ಹೋದ ಹಾಗೆ.

ತಮ್ಮ ಸಹಾಯಕ್ಕೆ ಬಂದ. ಬಂದವನೇ ಗಿಟಾರ್ ಕೇಬಲ್ ತೆಗೆದುಕೊಂಡು ಆಂಪಿನಿಂದ ಪೆಟ್ಟಿಗೆಗೆ ಚುಚ್ಚಲು ಹೋದ.

"ಅದಲ್ಲ ಕಣೋ, ಸ್ಪೀಕರ್ ಕೇಬಲ್ ಕೊಡು."

"ಎರಡಕ್ಕೂ ಜಾಕ್ ಒಂದೇ ಅಲ್ವಾ ಅಣ್ಣ?"

ಜಾಕ್ ಒಂದೇ, ಒಳಗಿನ ತಂತಿ ಬೇರೆ. ಗಿಟಾರ್ ಕೇಬಲ್ಲಿನೊಳಗಿನ ಎಳೆ ತೀರಾ ಸಣ್ಣ. ಈ ಕರೆಂಟ್ ಅದಕ್ಕೆ ತಡೆಯುವುದಿಲ್ಲ.

ಮೊದಲ ಹದಿನೈದು ನಿಮಿಷ ಸಂತೋಷ. ಆಮೇಲೆ ಮರ ಸುಟ್ಟ ವಾಸನೆ. ರೆಸಿಸ್ಟರಿಗೆ ಹೀಟ್‌ಸಿಂಕ್ ಹಾಕಿದ್ದೆ, ಆದರೆ ಪೆಟ್ಟಿಗೆಯ ತಳ ಪ್ಲೈವುಡ್. ಜಾಣತನ! 100 ವ್ಯಾಟ್ ಅಂತ ಮೇಲೆ ಬರೆದಿರುವುದು ಒಳ್ಳೆಯ ಹೀಟ್‌ಸಿಂಕಿಗೆ ಬಿಗಿಯಾಗಿ ಕೂರಿಸಿ, ಗಾಳಿ ಆಡುವಂತಿದ್ದರೆ ಮಾತ್ರ. ತಳ ಕಿತ್ತು ತೂತಿನ ಅಲ್ಯೂಮಿನಿಯಂ ಹಾಳೆ ಹಾಕಿದೆ, ಕೆಳಗೆ ರಬ್ಬರ್ ಕಾಲು. ಮೇಜಿನ ಮೇಲೆ ಕಪ್ಪು ಕಲೆ ಹಾಗೇ ಉಳಿದಿದೆ.

ದಿನ 12

ಸದ್ದಿನ ವಿಷಯಕ್ಕೆ ಬರೋಣ. 6 ಡೆಸಿಬೆಲ್ ಹಂತ ಚೆನ್ನಾಗಿದೆ. 12ರಲ್ಲಿ ಮೇಲೆ ಕಂಬಳಿ ಹೊದಿಸಿದಂತಿದೆ. ಕಿವಿಯ ತಪ್ಪು ಸ್ವಲ್ಪ ಇರಬಹುದು. ಸದ್ದು ಇಳಿದಂತೆ ನಮ್ಮ ಕಿವಿಗೆ ಬೇಸ್ ಮತ್ತು ಟ್ರೆಬಲ್ ಎರಡೂ ಕಡಿಮೆ ಕೇಳಿಸುತ್ತವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದು ಇದನ್ನೇ. ಆದರೆ ಎಲ್ಲ ತಪ್ಪನ್ನೂ ಕಿವಿಯ ಮೇಲೆ ಹಾಕುವಂತಿಲ್ಲ.

ಸ್ಪೀಕರಿನ ಮೇಲೆ 8 ಓಮ್ ಅಂತ ಬರೆದಿದ್ದರೂ ಅದು ಎಲ್ಲ ಕಡೆ 8 ಅಲ್ಲ. ಕೆಳಗೆ ಅದರ ಸ್ವಂತ ಅನುರಣನೆಯ ಜಾಗದಲ್ಲಿ ಹಲವು ಪಟ್ಟು ಏರುತ್ತದೆ. ಮೇಲೆ ಟ್ರೆಬಲ್ ಕಡೆಗೆ ಹೋದಂತೆ ಕಾಯಿಲ್ಲಿನಿಂದಾಗಿ ಮತ್ತೆ ಏರುತ್ತದೆ. ಟ್ಯೂಬ್ ಆಂಪ್ ಈ ಏರಿಳಿತಕ್ಕೆ ತಕ್ಕಂತೆ ಅಲ್ಲಲ್ಲಿ ಜಾಸ್ತಿ ವೋಲ್ಟೇಜ್ ಕೊಡುತ್ತದೆ. ನಮಗೆ ಇಷ್ಟವಾಗುವ ಎದೆ ಗುದ್ದುವ ಬೇಸ್, ಮೇಲಿನ ಹೊಳಪು, ಅರ್ಧ ಬರುವುದು ಅಲ್ಲಿಂದಲೇ.

ಈಗ ನನ್ನ 12 ಡೆಸಿಬೆಲ್ ಹಂತ ನೋಡಿ. ಸ್ಪೀಕರ್ 40 ಓಮಿಗೆ ಏರಿತು ಅಂದುಕೊಳ್ಳೋಣ. ಅದರ ಅಡ್ಡಕ್ಕೆ 2.7 ಓಮ್ ಕೂತಿದೆ. ಎರಡೂ ಸೇರಿ ಸುಮಾರು 2.5, ಅದಕ್ಕೆ ಸೀರೀಸಿನ 6 ಸೇರಿಸಿದರೆ 8.5. ಆಂಪಿಗೆ ಸ್ಪೀಕರ್ ಏರಿದ್ದೇ ಗೊತ್ತಾಗುವುದಿಲ್ಲ. 6 ಡೆಸಿಬೆಲ್ ಹಂತದಲ್ಲಿ ಅದೇ ಲೆಕ್ಕ 10.7 ಆಗುತ್ತದೆ, ಸ್ವಲ್ಪವಾದರೂ ಉಸಿರಾಟ ಇದೆ. ಇಳಿಸಿದಷ್ಟೂ ಸ್ಪೀಕರಿಗೂ ಆಂಪಿಗೂ ಮಾತು ಕಡಿಮೆ.

ದಿನ 17

ಕಣ್ಣು ಕಟ್ಟಿ ಪರೀಕ್ಷೆ. ಒಂದೇ ರಿಫ್, ಒಂದೇ ಮೈಕ್, ಮೈಕಿನ ಜಾಗ ಕದಲಿಸಿಲ್ಲ. ಮೂರು ರೆಕಾರ್ಡಿಂಗ್: ಬರೀ ಮಾಸ್ಟರ್ ಇಳಿಸಿದ್ದು, 6 ಡೆಸಿಬೆಲ್ ಇಳಿಸಿ ಮಾಸ್ಟರ್ ಸ್ವಲ್ಪ ಏರಿಸಿದ್ದು, 12 ಇಳಿಸಿ ಪವರ್ ಟ್ಯೂಬ್ ಪೂರ್ತಿ ಏರಿಸಿದ್ದು. ಮೂರನ್ನೂ ಕಂಪ್ಯೂಟರಿನಲ್ಲಿ ಒಂದೇ ಮಟ್ಟಕ್ಕೆ ತಂದೆ. ಇದು ಮುಖ್ಯ, ಇಲ್ಲದಿದ್ದರೆ ಜೋರಾಗಿದ್ದದ್ದೇ ಗೆಲ್ಲುತ್ತದೆ. ತಮ್ಮ ಫೈಲುಗಳ ಹೆಸರು ಬದಲಿಸಿ ಎರಡೆರಡಾಗಿ ಕೇಳಿಸಿದ.

ಗೇನ್ 8ರಲ್ಲಿ, ಮೊದಲ ಎರಡರ ನಡುವೆ ಹತ್ತರಲ್ಲಿ ಐದು ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಮೂರನೆಯದನ್ನು ಮಾತ್ರ ಪ್ರತಿ ಸಲ ಹಿಡಿದೆ. ಯಾಕೆಂದರೆ ಅದು ಕೆಟ್ಟದಾಗಿತ್ತು! ಅಂಗೈ ಒತ್ತಿ ನುಡಿಸುವ ಕೆಳಗಿನ ಸ್ವರಗಳು ಮುದ್ದೆಯಾಗಿದ್ದವು. ಪ್ರೀಆಂಪಿನಲ್ಲಿ ಆಗಲೇ ನಾಲ್ಕು ಕಡೆ ಒಡೆದ ಸದ್ದನ್ನು ಪವರ್ ಟ್ಯೂಬ್ ಮತ್ತೆ ಜಜ್ಜುತ್ತದೆ. ಜೊತೆಗೆ, ಪವರ್ ವಿಭಾಗ ಕ್ಲಿಪ್ ಆದಾಗ ಬೇಸನ್ನು ಬಿಗಿಯಾಗಿ ಹಿಡಿದಿಟ್ಟಿದ್ದ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ತಿದ್ದುವ ಏರ್ಪಾಡು) ಕೈಬಿಡುತ್ತದೆ.

ಗೇನ್ 3ಕ್ಕೆ ಇಳಿಸಿ ಮತ್ತೆ ಮಾಡಿದಾಗ ಕಥೆಯೇ ಬೇರೆ. ಅಲ್ಲಿ ಮೂರನೆಯದೇ ಚೆಂದ. ಬೆರಳಿನ ಒತ್ತಡಕ್ಕೆ ತಕ್ಕ ಹಾಗೆ ತೆರೆದುಕೊಳ್ಳುತ್ತದೆ. ಸೂಪರ್ ಲೀಡಿನಂಥ ಆಂಪ್ ಇರುವವರು ಅಟೆನ್ಯುಯೇಟರ್ ಬಿಡದಿರುವುದು ಇದಕ್ಕೇ. ಅವರ ಒಡೆದ ಸದ್ದು ಹುಟ್ಟುವುದು ಹೆಚ್ಚಾಗಿ ಪವರ್ ಟ್ಯೂಬುಗಳಲ್ಲಿ. ನನ್ನದು ಹುಟ್ಟುವುದು ಪ್ರೀಆಂಪಿನ ಟ್ಯೂಬುಗಳಲ್ಲಿ.

ದಿನ 23

ಹಾಗಾದರೆ ಮಾಸ್ಟರ್ 1ರೊಳಗೆ ಯಾಕೆ ಅಷ್ಟು ಹಟ? ಇವತ್ತು ಆಂಪ್ ಬಿಚ್ಚಿದೆ. ಫಿಲ್ಟರ್ ಕೆಪಾಸಿಟರುಗಳಲ್ಲಿ 400 ವೋಲ್ಟಿಗೂ ಮೇಲೆ ನಿಂತಿರುತ್ತದೆ. ಪ್ಲಗ್ ಕಿತ್ತು, ರೆಸಿಸ್ಟರಿನಿಂದ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆ ಕೈ ಹಾಕಿದೆ.

ಮಾಸ್ಟರ್ ಪಾಟಿನ (ನಾಬಿನ ಹಿಂದಿರುವ ಪೊಟೆನ್ಷಿಯೋಮೀಟರ್) ಬೆನ್ನ ಮೇಲೆ ಬಿ1ಎಂ ಅಂತ ಇತ್ತು. ಇರಬೇಕಾದದ್ದು ಎ1ಎಂ. ಈ ಪಾಟುಗಳಲ್ಲಿ ಬಿ ಅಂದರೆ ಲೀನಿಯರ್ (ತಿರುಗಿಸಿದಷ್ಟೇ ಏರುವುದು), ಎ ಅಂದರೆ ಆಡಿಯೊ ಟೇಪರ್ (ಮೊದಲು ನಿಧಾನವಾಗಿ, ಆಮೇಲೆ ಬೇಗ ಏರುವುದು). ಆರು ತಿಂಗಳ ಹಿಂದೆ ಡಬ್ಬಿಯಿಂದ ಕೈಗೆ ಸಿಕ್ಕಿದ್ದನ್ನು ನಾನೇ ಕೂರಿಸಿದ್ದು. ಬೈಯಲು ಬೇರೆ ಯಾರೂ ಇಲ್ಲ.

ಲೀನಿಯರ್ ಪಾಟಿನಲ್ಲಿ ಹತ್ತರಲ್ಲಿ ಒಂದು ಭಾಗ ತಿರುಗಿಸಿದರೆ ಹತ್ತರಲ್ಲಿ ಒಂದು ಭಾಗ ವೋಲ್ಟೇಜ್, ಅಂದರೆ ಪೂರ್ತಿಗಿಂತ 20 ಡೆಸಿಬೆಲ್ ಮಾತ್ರ ಕೆಳಗೆ. ಹೈ ಗೇನ್ ಪ್ರೀಆಂಪ್ ಕೊಡುವ ಸಿಗ್ನಲ್ಲಿಗೆ ಅದು ಈಗಾಗಲೇ ಕಿರುಚಾಟ. ನನಗೆ ಬೇಕಾದ ಇಡೀ ಹರವು ಮೊದಲ ಒಂದು ಗೆರೆಯೊಳಗೆ ಮುದುಡಿ ಕೂತಿತ್ತು. ಆಡಿಯೊ ಟೇಪರಿನಲ್ಲಿ ಅದೇ 20 ಡೆಸಿಬೆಲ್ ಸಿಗುವುದು ಹೆಚ್ಚುಕಡಿಮೆ ನಡುವಿನ ಗೆರೆಯಲ್ಲಿ.

ಪಾಟ್ ಬದಲಿಸಿದೆ. ಬೆಸುಗೆ ಮೂರು, ಸಮಯ ಇಪ್ಪತ್ತು ನಿಮಿಷ. ತಮ್ಮನಿಗೆ ಇನ್ನೂ ಹೇಳಿಲ್ಲ.

ದಿನ 26

ಈಗ ಮಾಸ್ಟರ್ 2ರಲ್ಲಿ ಮಾತಾಡುತ್ತಾ ನುಡಿಸಬಹುದು, 4ರಲ್ಲಿ ಡ್ರಮ್ಮರಿಗೆ ಉತ್ತರ ಕೊಡಬಹುದು. ಪೆಟ್ಟಿಗೆಯನ್ನು 6 ಡೆಸಿಬೆಲ್ಲಿನಲ್ಲೇ ಬಿಟ್ಟಿದ್ದೇನೆ. ಮಾಸ್ಟರನ್ನು ಇನ್ನೊಂದು ಚೂರು ಮೇಲೆ ಇಡಬಹುದು, ಸಣ್ಣ ತಿರುವಿಗೆ ಸದ್ದು ಹಾರುವುದಿಲ್ಲ, ಜೊತೆಗೆ ಸುಮ್ಮನಿದ್ದಾಗ ಬರುವ ಹಿಸ್ಸಿನಲ್ಲಿ (ಸುಯ್ ಅನ್ನುವ ಸದ್ದು) ಮಾಸ್ಟರ್ ಆದ ಮೇಲಿನ ಭಾಗದಲ್ಲಿ ಹುಟ್ಟುವುದು ಕೂಡ 6 ಡೆಸಿಬೆಲ್ ಇಳಿಯಿತು. ಈ ಕೊನೆಯದನ್ನು ನಾನು ನಿರೀಕ್ಷಿಸಿರಲಿಲ್ಲ. 12ರ ಹಂತ ಗೇನ್ ಇಳಿಸಿ ಬ್ಲೂಸ್ ನುಡಿಸುವ ದಿನಕ್ಕೆ. ಆ ದಿನಗಳಲ್ಲಿ ಪವರ್ ಟ್ಯೂಬ್ ಬೇಗ ಸವೆಯುತ್ತದೆ ಅನ್ನುವುದು ನೆನಪಿರಬೇಕು. ಸ್ಪೀಕರಿನ ಸದ್ದು ಸಣ್ಣದಿದ್ದರೂ ಟ್ಯೂಬುಗಳು ಪೂರ್ತಿ ದುಡಿಯುತ್ತಿರುತ್ತವೆ.

ರಾತ್ರಿ ಹೊತ್ತಿನದು ಮಾತ್ರ ಬಗೆಹರಿದಿಲ್ಲ. ಗಿಟಾರ್ ಸ್ಪೀಕರುಗಳು ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಆಸುಪಾಸು ಸದ್ದು ಮಾಡುತ್ತವೆ. ಅಕ್ಕಪಕ್ಕದವರು ಏಳದಂತೆ 75ಕ್ಕೆ ಇಳಿಸಬೇಕಾದರೆ ಸ್ಪೀಕರಿಗೆ ಹೋಗಬೇಕಾದ್ದು ಸುಮಾರು 3 ಮಿಲಿವ್ಯಾಟ್. 50 ವ್ಯಾಟಿನಿಂದ 42 ಡೆಸಿಬೆಲ್ ಕೆಳಗೆ. ಅಷ್ಟಕ್ಕೆ ಸ್ಪೀಕರಿನ ಕೋನ್ ಅಲುಗಿದ್ದೇ ಗೊತ್ತಾಗುವುದಿಲ್ಲ, ಮಾಸ್ಟರಿನಿಂದ ಇಳಿಸಿ, ಪೆಟ್ಟಿಗೆಯಿಂದ ಇಳಿಸಿ. ಅದಕ್ಕೆ ಬೇರೆ ದಾರಿ ನೋಡಬೇಕು: ಕಾಯಿಲ್ ಮತ್ತು ಕೆಪಾಸಿಟರ್ ಸೇರಿಸಿ ಸ್ಪೀಕರಿನ ಏರಿಳಿತವನ್ನು ಅನುಕರಿಸುವ ರಿಯಾಕ್ಟಿವ್ ಲೋಡ್, ಅಲ್ಲಿಂದ ಕಂಪ್ಯೂಟರಿಗೆ, ಕಿವಿಗೆ ಹೆಡ್‌ಫೋನ್. ಕಾಯಿಲ್ ಸುತ್ತಲು ದಪ್ಪ ತಾಮ್ರದ ತಂತಿ ತಂದಿಟ್ಟಿದ್ದೇನೆ. ಈ ಸಲ ಪೆಟ್ಟಿಗೆ ಪೂರ್ತಿ ಲೋಹದ್ದು.