ಸಂಬಳದಲ್ಲೇ ಕಟ್ ಆಗಿದೆ, ಮತ್ತೆ ರಿಟರ್ನ್ ಯಾಕೆ?

ಬೆಂಗಳೂರಿನ ಒಂದು ಕಂಪನಿಯಲ್ಲಿ ಪೇರೋಲ್ ನೋಡಿಕೊಳ್ಳುವ ಕೆಲಸ ನನ್ನದು. ಜೂನ್ ಮಧ್ಯದ ಹೊತ್ತಿಗೆ ವರ್ಷದ ಸಂಬಳ, ಅದರಲ್ಲಿ ಹಿಡಿದ ತೆರಿಗೆ ತೋರಿಸುವ ಫಾರ್ಮ್ 16 ಎಲ್ಲರ ಕೈಗೂ ಹೋಗಿರುತ್ತದೆ. ಅಲ್ಲಿಂದ ಶುರು: "ಮೇಡಂ, ಟ್ಯಾಕ್ಸ್ ಸಂಬಳದಲ್ಲೇ ಕಟ್ ಆಗಿದೆ ಅಲ್ವಾ? ಮತ್ತೆ ರಿಟರ್ನ್ ಯಾಕೆ?"

ನಾವು ಹಿಡಿಯುವುದು ಟಿಡಿಎಸ್. ನಮಗೆ ಗೊತ್ತಿರುವಷ್ಟು ಆದಾಯದ ಮೇಲೆ ಅಂದಾಜು ಮಾಡಿ ಹಿಡಿಯುವ ದುಡ್ಡು ಅದು. ನಿಮ್ಮ ಎಫ್‌ಡಿ ಬಡ್ಡಿ, ಊರಿನ ಮನೆಯ ಬಾಡಿಗೆ, ಮಾರಿದ ಶೇರು, ಇದ್ಯಾವುದೂ ಕಂಪನಿಗೆ ಗೊತ್ತಿಲ್ಲ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಪೂರ್ತಿ ಲೆಕ್ಕ ಇಲಾಖೆಗೆ ಒಪ್ಪಿಸಬೇಕಾದವರು ನೀವೇ. ಅದೇ ರಿಟರ್ನ್.

ಇದು ಜೋರಾಗಿ ತಟ್ಟುವುದು ವರ್ಷದ ಮಧ್ಯೆ ಕೆಲಸ ಬದಲಿಸಿದವರಿಗೆ. ನಮ್ಮೂರಲ್ಲಿ ಅಂಥವರಿಗೇನು ಬರ ಇಲ್ಲ. 2025-26ರ ಲೆಕ್ಕವನ್ನೇ ತೆಗೆದುಕೊಳ್ಳಿ. ಒಬ್ಬ ಹುಡುಗ ಮೊದಲ ಕಂಪನಿಯಲ್ಲಿ ತಿಂಗಳಿಗೆ ಒಂದು ಲಕ್ಷದಂತೆ ಆರು ತಿಂಗಳು ದುಡಿದ ಅನ್ನಿ. ವರ್ಷಕ್ಕೆ 12 ಲಕ್ಷ ಅಂತ ಆ ಕಂಪನಿಯ ಅಂದಾಜು. ತೆರಿಗೆಯ ಹೊಸ ಪದ್ಧತಿಯಲ್ಲಿ (ದರ ಕಮ್ಮಿ, ವಿನಾಯಿತಿಯೂ ಕಮ್ಮಿ) ಸಂಬಳದವರಿಗೆಲ್ಲ ಸಿಗುವ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 11.25 ಲಕ್ಷ. 12 ಲಕ್ಷದವರೆಗೆ ತೆರಿಗೆ ಪೂರ್ತಿ ಮನ್ನಾ ಆಗುವ ರಿಬೇಟ್ ಇರುವುದರಿಂದ ಟಿಡಿಎಸ್ ಸೊನ್ನೆ. ಎರಡನೇ ಕಂಪನಿ ಉಳಿದ ಆರು ತಿಂಗಳಿಗೆ 7.75 ಲಕ್ಷ ಕೊಟ್ಟಿತು. ಹಿಂದಿನ ಸಂಬಳದ ವಿಷಯ ಅವರಿಗೆ ಹೇಳಿಲ್ಲ, ಹಾಗಾಗಿ ಮತ್ತೆ 75,000 ಕಳೆದು, ಅಲ್ಲೂ ಸೊನ್ನೆ.

ಎರಡೂ ಫಾರ್ಮ್ 16 ಪಕ್ಕಪಕ್ಕ ಇಟ್ಟು ಕೂಡಿದರೆ 13.75 ಲಕ್ಷ. 75,000 ಕಳೆಯುವುದು ಒಂದೇ ಸಲ. ಉಳಿದದ್ದು 13 ಲಕ್ಷ, 12 ಲಕ್ಷ ದಾಟಿದ್ದರಿಂದ ರಿಬೇಟ್ ಇಲ್ಲ. ಅದಕ್ಕೆ ತೆರಿಗೆ 75,000, ಅದರ ಮೇಲೆ ಶೇಕಡಾ 4 ಸೆಸ್ ಸೇರಿ 78,000 ರೂಪಾಯಿ. ತೆರಿಗೆ ತಡವಾಗಿ ಕಟ್ಟಿದ್ದಕ್ಕೆ ಬಡ್ಡಿ ಬೇರೆ. ರಿಫಂಡ್ ಬರುತ್ತೆ ಅಂತ ಕಾಯುತ್ತಿದ್ದವನ ಮುಖ ನೋಡೋಕಾಗಲ್ಲ!

ಇದಕ್ಕೇ 2025-26ರಲ್ಲಿ ಹೊಸದಾಗಿ ಸೇರಿದವರಿಂದ ನಾವು ಫಾರ್ಮ್ 12ಬಿ ಕೇಳುತ್ತಿದ್ದುದು. ಹಿಂದಿನ ಸಂಬಳ, ಟಿಡಿಎಸ್ ಅದರಲ್ಲಿ ಬರೆದು ಕೊಟ್ಟರೆ ತೆರಿಗೆ ತಿಂಗಳಿಗಿಷ್ಟು ಅಂತ ಕಟ್ ಆಗುತ್ತದೆ. ತುಂಬಾ ಜನ ಸುಮ್ನೆ ಪಕ್ಕಕ್ಕಿಡುತ್ತಾರೆ. ಹಳೇ ಸಂಬಳ ಹೊಸಬರಿಗೆ ಗೊತ್ತಾಗುವುದು ಬೇಡ ಎಂಬ ಮುಜುಗರ ಇರಬಹುದು. ಆದರೆ ಇಲಾಖೆಯಿಂದ ಮುಚ್ಚಿಡಲು ಆಗುವುದಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎಐಎಸ್, ಅಂದರೆ ನಿಮ್ಮ ವಾರ್ಷಿಕ ಮಾಹಿತಿ ಪಟ್ಟಿ, ತೆಗೆದು ನೋಡಿ: ಎರಡೂ ಸಂಬಳ, ಬ್ಯಾಂಕ್ ಬಡ್ಡಿ, ಡಿವಿಡೆಂಡ್ ಎಲ್ಲ ಸಾಲಾಗಿ ಕೂತಿರುತ್ತವೆ. ಫಾರ್ಮ್ 16, 26ಎಎಸ್ (ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ), ಎಐಎಸ್ ಮೂರನ್ನೂ ತಾಳೆ ನೋಡದೆ ರಿಟರ್ನ್ ಹಾಕಲೇಬೇಡಿ.

ಹಳೇ ಪದ್ಧತಿಯೋ ಹೊಸದೋ ಎಂಬುದು ಇನ್ನೊಂದು ತಲೆನೋವು. ಕಂಪನಿಗೆ ಏನೇ ಹೇಳಿದ್ದರೂ ರಿಟರ್ನ್ ಹಾಕುವಾಗ ಬದಲಿಸಬಹುದು. ಆದರೆ ಗಡುವಿನೊಳಗೆ ಮಾತ್ರ. ತಡವಾಗಿ ಹಾಕಿದರೆ ಹೊಸ ಪದ್ಧತಿಯೇ ಗತಿ, ಮನೆ ಬಾಡಿಗೆಯ ಎಚ್‌ಆರ್‌ಎ ವಿನಾಯಿತಿಯೂ ಇಲ್ಲ, ಪಿಎಫ್, ಎಲ್‌ಐಸಿಯಂಥ ಉಳಿತಾಯಕ್ಕೆ ಸಿಗುವ 80ಸಿ ಕಡಿತವೂ ಇಲ್ಲ. ಜೊತೆಗೆ 5,000 ರೂಪಾಯಿವರೆಗೆ ದಂಡ. (2025-26ರ ಲೆಕ್ಕದಲ್ಲಿ ಎಚ್‌ಆರ್‌ಎಗೆ ಬೆಂಗಳೂರು ಮೆಟ್ರೋ ನಗರವೇ ಆಗಿರಲಿಲ್ಲ! ಚೆನ್ನೈಗೆ ಮೂಲ ಸಂಬಳದ ಶೇಕಡಾ 50ರ ಮಿತಿ, ನಮಗೆ 40. ಇಲ್ಲಿನ ಬಾಡಿಗೆ ಕೊಡುವವರನ್ನು ಯಾರೂ ಕೇಳಿರಲಿಲ್ಲ ಅನ್ನಿಸುತ್ತೆ.)

ರಿಟರ್ನ್ ಸಬ್ಮಿಟ್ ಒತ್ತಿದರೆ ಮುಗಿಯಲಿಲ್ಲ. 30 ದಿನದೊಳಗೆ ಇ-ವೆರಿಫೈ ಆಗಬೇಕು, ಅಂದರೆ ಹಾಕಿದ್ದು ನಾನೇ ಅಂತ ಆನ್‌ಲೈನ್‌ನಲ್ಲಿ ಖಚಿತಪಡಿಸಬೇಕು. ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿದ್ದರೆ ಒಂದು ಒಟಿಪಿ ಸಾಕು. ಇ-ವೆರಿಫೈ ಮಾಡಲು ಆಗದವರು ಐಟಿಆರ್-ವಿ (ರಿಟರ್ನ್ ಹಾಕಿದಾಗ ಬರುವ ಸ್ವೀಕೃತಿ) ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲಿ ಇಲಾಖೆ ರಿಟರ್ನ್‌ಗಳನ್ನು ಪರಿಶೀಲಿಸುವ ಬೆಂಗಳೂರಿನ ಕೇಂದ್ರ ಸಿಪಿಸಿಗೆ ಕಳಿಸಬೇಕು, ಪಿನ್ 560500. ನಮ್ಮ ಎಲೆಕ್ಟ್ರಾನಿಕ್ ಸಿಟಿಯದೇ ವಿಳಾಸ. ಹತ್ತಿರವೇ ಇದೆಯಲ್ಲಾ, ಬೈಕ್‌ನಲ್ಲಿ ಹೋಗಿ ಕೈಯಲ್ಲೇ ಕೊಟ್ಟು ಬರಲಾ ಅಂತ ಕೇಳಬೇಡಿ, ಅಂಚೆಯಲ್ಲೇ ಹೋಗಬೇಕು.