ಬೆಂಜಮಿನ್ ಆರ್ ಇಲ್ಲದ ‘ದ ಕಾರ್ಸ್’

ಅಮೆರಿಕದ ಬಾಸ್ಟನ್ ನಗರದ ‘ದ ಕಾರ್ಸ್’ ರಾಕ್ ತಂಡ 2011ರ ಮೇ ತಿಂಗಳಲ್ಲಿ ‘ಮೂವ್ ಲೈಕ್ ದಿಸ್’ ಎಂಬ ಆಲ್ಬಂ ಹೊರತಂದಾಗ ಅವರ ಹಿಂದಿನ ಆಲ್ಬಂ ಬಂದು 24 ವರ್ಷಗಳಾಗಿದ್ದವು. ಐವರಿದ್ದ ತಂಡದಲ್ಲಿ ಈಗ ಉಳಿದಿದ್ದವರು ನಾಲ್ವರು. ಬಾಸ್ ಗಿಟಾರ್ ನುಡಿಸುತ್ತ ಹಾಡುತ್ತಿದ್ದ ಬೆಂಜಮಿನ್ ಆರ್ 2000ದ ಅಕ್ಟೋಬರ್‌ನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಈ ಆಲ್ಬಮ್ಮನ್ನು ನಾನು ಮತ್ತೆ ಮತ್ತೆ ಕೇಳುವುದು ಅದು ತಂಡದ ಅತ್ಯುತ್ತಮ ಕೃತಿಯೆಂದಲ್ಲ. ಆರ್ ಅವರ ಜಾಗವನ್ನು ಆ ನಾಲ್ವರು ನಡೆಸಿಕೊಂಡ ರೀತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ ‘ಹೊಸ ಅಲೆ’ ಎಂದರೆ ಎಪ್ಪತ್ತರ ದಶಕದ ಕನ್ನಡ ಸಿನಿಮಾ ನೆನಪಾಗುತ್ತದೆ. ಅದೇ ದಶಕದ ಕೊನೆಯಲ್ಲಿ ಪಾಶ್ಚಾತ್ಯ ಸಂಗೀತದಲ್ಲಿ ‘ನ್ಯೂ ವೇವ್’ ಎಂದು ಕರೆಸಿಕೊಂಡದ್ದು ಪಂಕ್ ಎಂಬ ಒರಟು, ವೇಗದ ಸಂಗೀತದ ಚುರುಕನ್ನೂ ಸಿಂತಸೈಜರ್ ಎಂಬ ವಿದ್ಯುನ್ಮಾನ ವಾದ್ಯದ ತಣ್ಣನೆಯ ನಾದವನ್ನೂ ಸುಲಭವಾಗಿ ಗುನುಗಬಹುದಾದ ಧಾಟಿಗಳನ್ನೂ ಬೆಸೆದ ಒಂದು ಬಗೆಯ ರಾಕ್. 1978ರಲ್ಲಿ ಬಂದ ಕಾರ್ಸ್ ತಂಡದ ಮೊದಲ ಆಲ್ಬಂ ಅದಕ್ಕೊಂದು ಮಾದರಿ. ಅದು ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 139 ವಾರ ಉಳಿದಿತ್ತು. ಹಾಡುಗಳನ್ನು ಬರೆಯುತ್ತಿದ್ದವರು ಹೆಚ್ಚಾಗಿ ರಿಕ್ ಒಕಾಸೆಕ್; ಹಾಡುವ ಕೆಲಸವನ್ನು ಅವರೂ ಆರ್ ಅವರೂ ಹಂಚಿಕೊಂಡಿದ್ದರು. ಒಕಾಸೆಕ್ ಅವರದು ಬಿಕ್ಕಿದಂತೆ, ಮಾತನ್ನು ತುಂಡರಿಸಿದಂತೆ ಕೇಳುವ ದನಿ. ಆರ್ ಅವರದು ನಯವಾದ, ತುಂಬಿದ ದನಿ. 1984ರಲ್ಲಿ ಬಂದ, ಸಾಲು ಸಾಲಾಗಿ ಪ್ರಶ್ನೆ ಕೇಳುವ ‘ಡ್ರೈವ್’ ಹಾಡು ಆರ್ ಹಾಡಿದ್ದು. ಮರುವರ್ಷ ಲೈವ್ ಏಡ್ ಸಹಾಯಾರ್ಥ ಕಾರ್ಯಕ್ರಮದಲ್ಲಿ ಇಥಿಯೋಪಿಯಾದ ಕ್ಷಾಮದ ದೃಶ್ಯಗಳನ್ನು ಇದೇ ಹಾಡಿನ ಜೊತೆಗೆ ತೋರಿಸಿದಾಗ, ಪ್ರೇಮದ ಹಿನ್ನೆಲೆಯಲ್ಲಿ ಹುಟ್ಟಿದ ಪ್ರಶ್ನೆಗಳು ಹಸಿದವರ ಪ್ರಶ್ನೆಗಳಾಗಿ ಕೇಳಿಸಿದ್ದವು. ಒಕಾಸೆಕ್ ಬರೆದ ಮಾತಿಗೆ ಆ ಮರುಕ ಬಂದದ್ದು ಆರ್ ಅವರ ಕಂಠದಿಂದ ಎಂದೇ ನಾನು ನಂಬಿದ್ದೇನೆ.

ತಂಡ 1988ರಲ್ಲಿ ಒಡೆಯಿತು. ನಡುವೆ 2005ರಲ್ಲಿ ಗಿಟಾರ್ ವಾದಕ ಎಲಿಯಟ್ ಈಸ್ಟನ್ ಮತ್ತು ಕೀಬೋರ್ಡ್ ವಾದಕ ಗ್ರೆಗ್ ಹಾಕ್ಸ್ ಅವರು ಗಾಯಕ ಟಾಡ್ ರಂಡ್‌ಗ್ರೆನ್ ಅವರನ್ನು ಮುಂದಿಟ್ಟುಕೊಂಡು ‘ದ ನ್ಯೂ ಕಾರ್ಸ್’ ಕಟ್ಟಿದ್ದರು. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

2011ರಲ್ಲಿ ಒಕಾಸೆಕ್, ಈಸ್ಟನ್, ಹಾಕ್ಸ್ ಮತ್ತು ಡ್ರಮ್ ವಾದಕ ಡೇವಿಡ್ ರಾಬಿನ್ಸನ್ ಒಟ್ಟಾದಾಗ ಹೊಸ ಗಾಯಕರನ್ನಾಗಲಿ ಬಾಸ್ ವಾದಕರನ್ನಾಗಲಿ ತಂಡಕ್ಕೆ ಸೇರಿಸಿಕೊಳ್ಳಲಿಲ್ಲ. ಧ್ವನಿಮುದ್ರಣದಲ್ಲಿ ಬಾಸ್ ಭಾಗವನ್ನು ಹಾಕ್ಸ್ ಅವರೂ ನಿರ್ಮಾಪಕ ಜ್ಯಾಕ್‌ನೈಫ್ ಲೀ ಅವರೂ ನಿಭಾಯಿಸಿದರು. ಆಲ್ಬಮ್ಮಿನಲ್ಲಿ ಆರ್ ಅವರನ್ನು ಹೆಸರಿಸಿ ನೆನೆದರು. ಆ ವರ್ಷದ ಚಿಕ್ಕ ಪ್ರವಾಸದಲ್ಲಿ ವೇದಿಕೆಯ ಮೇಲೆ ನಿಂತವರೂ ಆ ನಾಲ್ವರೇ. ಒಂದು ಕಾಲಕ್ಕೆ ಆರ್ ಹಾಡುತ್ತಿದ್ದ ಹಾಡುಗಳನ್ನು ಒಕಾಸೆಕ್ ತಮ್ಮ ದನಿಯಲ್ಲೇ ಹಾಡಿದರು.

ಇದರ ಪರಿಣಾಮ ಆಲ್ಬಮ್ಮಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಚುರುಕಿನ ಹಾಡುಗಳು ಬಲು ಸೊಗಸಾಗಿವೆ: ಈಸ್ಟನ್ ಅವರ ಗಿಟಾರ್ ಎಂದಿನಂತೆ ನಾಲ್ಕೇ ಮಾತಿನಲ್ಲಿ ಹೇಳಬೇಕಾದುದನ್ನು ಹೇಳಿ ಸುಮ್ಮನಾಗುತ್ತದೆ, ಹಾಕ್ಸ್ ಅವರ ಸಿಂತಸೈಜರ್ ಎಂಬತ್ತರ ದಶಕದ ಬಣ್ಣವನ್ನು ಕಳೆದುಕೊಂಡಿಲ್ಲ. ಆದರೆ ‘ಸೂನ್’ ಎಂಬ ನಿಧಾನಗತಿಯ ಹಾಡು ಶುರುವಾದೊಡನೆ ನನ್ನ ಕಿವಿ ತಾನಾಗಿ ಆರ್ ಅವರ ದನಿಗೆ ಕಾಯುತ್ತದೆ. ಅದರ ನಡೆ, ಪದಗಳ ನಡುವಿನ ಬಿಡುವು, ಎಲ್ಲವೂ ಆ ಕಂಠಕ್ಕಾಗಿಯೇ ಹೊಲಿದ ಅಂಗಿಯಂತಿವೆ. ಹಾಡುವವರು ಮಾತ್ರ ಒಕಾಸೆಕ್. ಅವರು ಗೆಳೆಯನನ್ನು ಅನುಕರಿಸಲು ಹೋಗುವುದಿಲ್ಲ, ತಮಗೆ ಒಗ್ಗುವಷ್ಟು ಮೆಲ್ಲಗೆ, ಬಹುತೇಕ ಮಾತಿನಂತೆ ಹಾಡುತ್ತಾರೆ. ಮೊದಲ ಸಲ ಕೇಳಿದಾಗ ಇದೊಂದು ಕೊರತೆ ಎನಿಸಿತ್ತು. ಈಗ ಇಡೀ ಆಲ್ಬಮ್ಮಿನಲ್ಲಿ ನನಗೆ ಅತಿ ಪ್ರಿಯವಾದ ಹಾಡು ಅದು. ಆರ್ ಅವರಂತೆಯೇ ಧ್ವನಿಸುವ ಕಂಠವೊಂದನ್ನು ಹುಡುಕಿ ತರುವುದು ಅವರಿಗೆ ಕಷ್ಟವಿರಲಿಲ್ಲ. ತಂದಿದ್ದರೆ ಹಾಡು ಇನ್ನೂ ಇಂಪಾಗಿರುತ್ತಿತ್ತೇನೋ, ಆದರೆ ಒಬ್ಬ ಮನುಷ್ಯ ಇಲ್ಲ ಎಂಬ ಸತ್ಯ ಅದರಲ್ಲಿ ಇರುತ್ತಿರಲಿಲ್ಲ.

2018ರ ಏಪ್ರಿಲ್‌ನಲ್ಲಿ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ ಗೌರವ ಸ್ವೀಕರಿಸಲು ಈ ನಾಲ್ವರು ಕೊನೆಯ ಬಾರಿಗೆ ಒಟ್ಟಾಗಿ ನುಡಿಸಿದ್ದು ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಆರ್ ಆ ಸೀಮೆಯವರು; ಅರವತ್ತರ ದಶಕದಲ್ಲಿ ಒಕಾಸೆಕ್ ಅವರಿಗೆ ಅವರ ಪರಿಚಯವಾದದ್ದೂ ಒಹಾಯೋದಲ್ಲೇ. ಆ ಸಂಜೆ ಬಾಸ್ ನುಡಿಸಿದವರು ‘ವೀಜರ್’ ತಂಡದ ಸ್ಕಾಟ್ ಶ್ರೈನರ್. ಆ ತಂಡದ 1994ರ ಮೊದಲ ಆಲ್ಬಮ್ಮನ್ನು ನಿರ್ಮಿಸಿದ್ದವರು ಒಕಾಸೆಕ್ ಅವರೇ ಆದ್ದರಿಂದ, ಬಂದವರು ತೀರ ಹೊರಗಿನವರೂ ಆಗಿರಲಿಲ್ಲ. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಒಕಾಸೆಕ್ ಕೂಡ ತೀರಿಕೊಂಡರು. ಅಂದಿನಿಂದ ‘ಸೂನ್’ ಕೇಳುವಾಗಲೆಲ್ಲ ನಾನು ಒಬ್ಬರ ಬದಲು ಇಬ್ಬರನ್ನು ನೆನೆಯುತ್ತೇನೆ.